ಬಣ್ಣಕ್ಕೆ ಬೆಲೆ ಕಟ್ಟಬೇಡಿ: ಹಳೆಯ ಪಿಕಪ್ಪಿನ ವಿಚಾರ



ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು, ಮನೆಯಲ್ಲಿ ದಾಸ್ತಾನಿರುವ ಕಾಫಿಯ ಮೇಲೆ ಸಾಲ ಸಿಕ್ಕೀತೇ ಎಂದು ವಿಚಾರಿಸಿದರು. ಗೊಬ್ಬರಕ್ಕೋ ಬೋರ್‌ವೆಲ್ಲಿಗೋ ಇರಬೇಕೆಂದುಕೊಂಡೆ. ಎರಡೂ ಅಲ್ಲ. ಬೆಂಗಳೂರಿನಲ್ಲಿ 1948ರ ವಿಲ್ಲೀಸ್ ಜೀಪ್ ಪಿಕಪ್ ಒಂದು ಮಾರಾಟಕ್ಕಿದೆಯಂತೆ, ಪೂರ್ತಿ ಹೊಸದರಂತೆ ಮಾಡಿಸಿದ್ದಾರಂತೆ. "ಕೊಂಡು ಐದು ವರ್ಷ ಶೆಡ್ಡಿನಲ್ಲಿಟ್ಟರೆ ಹಳೆ ಗಾಡಿ ಸಂಗ್ರಹ ಮಾಡೋರು ಎರಡರಷ್ಟು ಕೊಡ್ತಾರಂತೆ ಅಣ್ಣಾ" ಎಂದರು. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದರು. ಕಡು ಹಸಿರು ಬಣ್ಣ, ಮುಖ ಕಾಣುವಂಥ ಹೊಳಪು. "ಅಡಿಯಲ್ಲಿ ಮಲಗಿ ಚಾಸಿಸ್ ನೋಡಿದಿರಾ?" ಎಂದು ಕೇಳಿದೆ. "ಇಲ್ಲ, ಮೇಲಿನಿಂದ ನೋಡಿದೆ, ಬಹಳ ಚೆನ್ನಾಗಿದೆ" ಎಂದರು.

ಅವರನ್ನು ದೂರುವುದಿಲ್ಲ. 2024 ಮತ್ತು 2025ರಲ್ಲಿ ಕಾಫಿಗೆ ನಮ್ಮ ಹಿರಿಯರು ಕಾಣದ ಬೆಲೆ ಬಂತು. ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಮನಸ್ಸೂ ಓಡಾಡುತ್ತದೆ. ಆದರೆ ಅದೇ ವರ್ಷಗಳಲ್ಲಿ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಹತ್ತಿಕೊಂಡು ಮರಗಳು ಸೊರಗಿದ್ದನ್ನೂ ನಾವು ಕಂಡಿದ್ದೇವೆ. ಒಂದು ಬೆಳೆಯ ಹಣ ಇನ್ನೊಂದು ಬೆಳೆಯನ್ನು ಕಾಯಬೇಕಾದ ಕಾಲ ಇದು. ಆದ್ದರಿಂದ ಈ ವಿಷಯದಲ್ಲಿ ನನಗೆ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು. ನಮ್ಮಲ್ಲಿ ಕೆಲವರು ಇಂಥ ಗಾಡಿಯನ್ನು ಕೊಳ್ಳಲು ಹೊರಟಿದ್ದಾರೆ. ಇನ್ನು ಕೆಲವರ ಶೆಡ್ಡಿನಲ್ಲಿ ಅಪ್ಪನ ಕಾಲದ ಜೀಪೋ ಪಿಕಪ್ಪೋ ತುಕ್ಕು ಹಿಡಿದು ನಿಂತಿದೆ. ಇಬ್ಬರೂ ಮೋಸಹೋಗುವುದು ಒಂದೇ ವಸ್ತುವಿನಿಂದ, ಅದು ಬಣ್ಣ.

ನನ್ನ ಸ್ವಂತ ತಪ್ಪನ್ನೇ ಮೊದಲು ಹೇಳುತ್ತೇನೆ. ನಮ್ಮ ತಂದೆಯವರು 1960ರ ದಶಕದಲ್ಲಿ ಒಂದು ವಿಲ್ಲೀಸ್ ಪಿಕಪ್ಪನ್ನು ಹಳೆಯದಾಗಿ ಕೊಂಡಿದ್ದರು. ಗೊಬ್ಬರ, ಅಡಿಕೆ ಮೂಟೆ, ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಅದು ಹೊತ್ತಿದೆ. 1980ರ ದಶಕದಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಇಳಿಸಿದ್ದು ಗುಜರಿಗೆ ಹೋಯಿತು. ಆಗ ಅದು ಸರಿಯಾದ ಲೆಕ್ಕಾಚಾರವೇ. ತಂದೆಯವರು ತೀರಿಕೊಂಡ ಮೇಲೆ, ಅವರ ನೆನಪಿಗೆಂದು ನಾನು ಗಾಡಿಯನ್ನು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಬಾಗಿಲ ಮೇಲೆ ತಂದೆಯವರು ಪೇಂಟರ್ ಕೈಯಲ್ಲಿ ಬರೆಸಿದ್ದ ತೋಟದ ಹೆಸರು ಮಾಸಿತ್ತು. ವರ್ಕ್‌ಶಾಪಿನವರು ಅದನ್ನು ಕೆರೆದು ತೆಗೆದು, ಪುಟ್ಟಿ ಹಾಕಿ, ಕನ್ನಡಿಯಂತೆ ಮಾಡಿಕೊಟ್ಟರು. ನನಗೆ ಬಹಳ ಸಂತೋಷವಾಯಿತು.

ಎರಡು ವರ್ಷದ ನಂತರ ಹಳೆಯ ವಾಹನಗಳನ್ನು ಸಂಗ್ರಹಿಸುವವರೊಬ್ಬರು ಬಂದರು. ಬಣ್ಣದ ಕಡೆ ನೋಡಲೇ ಇಲ್ಲ. ಬಾನೆಟ್ ತೆಗೆಸಿದರು, ಅಡಿಗೆ ನುಸುಳಿದರು, ಆರ್‌ಸಿ ಪುಸ್ತಕ ಕೇಳಿದರು. "ಮೂಲ ಎಂಜಿನ್ ಎಲ್ಲಿ? ಕೆಲಸಕ್ಕೆ ಮೊದಲಿನ ಫೋಟೋ ಇದೆಯೇ? ಬಾಗಿಲ ಮೇಲೆ ಏನಾದರೂ ಬರಹ ಇತ್ತೇ?" ಎಂದರು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ ಬೆಲೆ ನಾನು ವರ್ಕ್‌ಶಾಪಿಗೆ ಕೊಟ್ಟ ಹಣದ ಅರ್ಧವೂ ಆಗಲಿಲ್ಲ. ಹೋಗುವಾಗ "ಇದ್ದ ಹಾಗೇ ಬಿಟ್ಟಿದ್ದರೆ ಇದಕ್ಕಿಂತ ಹೆಚ್ಚು ಕೊಡುತ್ತಿದ್ದೆ" ಎಂದರು. ಗಾಡಿ ನಮ್ಮಲ್ಲೇ ಇದೆ. ಆದರೆ ತಂದೆಯವರು ಬರೆಸಿದ ಅಕ್ಷರಗಳು ಹೋದವು, ಇನ್ನು ಬರುವುದಿಲ್ಲ.

ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಚೀಲದ ಬಾಯಿ ನೋಡಿ ಯಾರಾದರೂ ಚೆರಿ ಕಾಫಿಗೆ ಬೆಲೆ ಹೇಳುತ್ತಾರೆಯೇ? ಔಟ್‌ಟರ್ನ್ ತೆಗೆಯುತ್ತಾರೆ. ಚೊಗರು ಹಚ್ಚಿದ ಅಡಿಕೆಯ ಕೆಂಪು ಎಷ್ಟೇ ಚೆನ್ನಾಗಿದ್ದರೂ ಮಂಡಿಯವರು ಕತ್ತರಿಸಿ ಒಳಗನ್ನು ನೋಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಗಾಡಿಗೂ ಸಲ್ಲುತ್ತದೆ. ಹಾಗಾದರೆ ದುರಸ್ತಿ ಮಾಡಿಸಿದ ಪಿಕಪ್ಪಿನ ಒಳಗನ್ನು ನೋಡುವುದು ಹೇಗೆ?

ಮೊದಲು ಕಾಗದ. ಆರ್‌ಸಿಯಲ್ಲಿರುವ ಚಾಸಿಸ್ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನವುಗಳಿಗೆ ತಾಳೆಯಾಗಬೇಕು. ವಿಲ್ಲೀಸಿನ ನಾಲ್ಕು ಸಿಲಿಂಡರಿನ ಎಂಜಿನ್‌ಗಳಲ್ಲಿ ನಂಬರನ್ನು ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪಿನ ಬಳಿ ಒತ್ತಿರುತ್ತಾರೆ. ಉಜ್ಜಿ ಹೊಸದಾಗಿ ಒತ್ತಿದ ಗುರುತು ಕಂಡರೆ ಅಲ್ಲಿಗೇ ಮಾತು ನಿಲ್ಲಿಸಿ. ಪುಸ್ತಕ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ, ವಾರಸುದಾರರ ಹೆಸರಿಗೆ ಆಗುವವರೆಗೆ ಮುಂಗಡ ಕೊಡಬೇಡಿ.

ಎರಡನೆಯದು, ಇಸವಿಗೂ ಗಾಡಿಯ ಮುಖಕ್ಕೂ ಹೊಂದಿಕೆ. ಅಮೆರಿಕದ ವಿಲ್ಲೀಸ್ ಕಂಪನಿ ಈ ಪಿಕಪ್ಪನ್ನು 1947ರಿಂದ 1965ರವರೆಗೆ ತಯಾರಿಸಿತು. ಮೊದಲ ವರ್ಷಗಳವಕ್ಕೆ ಚಪ್ಪಟೆ ಮೂತಿ, ಯುದ್ಧಕಾಲದ ಜೀಪಿನಲ್ಲಿದ್ದ ಸೈಡ್ ವಾಲ್ವಿನ 'ಗೋ ಡೆವಿಲ್' ಎಂಜಿನ್. 1950ರಲ್ಲಿ ಮುಂದಕ್ಕೆ ಚೂಪಾದ ಮೂತಿ ಬಂತು, ಇನ್‌ಲೆಟ್ ವಾಲ್ವು ಮೇಲಿನ ಹೆಡ್ಡಿನಲ್ಲಿರುವ 'ಹರಿಕೇನ್' ಎಂಜಿನ್ ಬಂತು. ಎರಡೂ 134 ಘನ ಅಂಗುಲದ, ಅಂದರೆ ಸುಮಾರು 2.2 ಲೀಟರಿನ ಎಂಜಿನ್‌ಗಳೇ. ಚೂಪು ಮೂತಿಯ ಗ್ರಿಲ್ಲಿಗೆ ಮೊದಲು ಐದು ಅಡ್ಡಪಟ್ಟಿ, 1954ರಿಂದ ಮೂರು. ಪುಸ್ತಕ ಒಂದು ಇಸವಿ ಹೇಳಿ ಮೂತಿ ಇನ್ನೊಂದು ಹೇಳಿದರೆ, ಎರಡು ಮೂರು ಗಾಡಿ ಸೇರಿಸಿ ಒಂದು ಮಾಡಿದ್ದಾರೆಂದು ಅನುಮಾನಿಸಬೇಕು.

ಮೂರನೆಯದು ಲೋಹ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಭಾಗ, ಕ್ಯಾಬಿನ್ನಿನ ಹಿಂದಿನ ಮೂಲೆಗಳು, ಮಡ್‌ಗಾರ್ಡಿನ ಸಂದು, ಇವುಗಳ ಮೇಲೆ ಆಡಿಸಿ. ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ನಮ್ಮ ಮಳೆಗೆ ಮೊದಲು ಕೊಳೆಯುವ ಜಾಗಗಳೂ ಇವೇ. ನಂತರ ಅಡಿಯಲ್ಲಿ ಮಲಗಿ ಚಾಸಿಸ್ಸಿನ ಎರಡು ಉದ್ದ ಪಟ್ಟಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣದ ದನಿಯೇ ಬೇರೆ. ಬೆಸುಗೆ ಹಾಕಿದ ತೇಪೆ, ಅಡಿಗೆ ದಪ್ಪಗೆ ಬಳಿದ ಟಾರು ಇದ್ದರೆ ಏಕೆ ಎಂದು ಕೇಳಿ.

ನಾಲ್ಕನೆಯದು ಓಡಿಸಿ ನೋಡುವುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ ನಿಲ್ಲಬೇಕು. ಮೆಕ್ಯಾನಿಕ್‌ನಿಂದ ಕಂಪ್ರೆಶನ್ ನೋಡಿಸಿದರೆ ಎಲ್ಲ ಸಿಲಿಂಡರುಗಳದ್ದೂ ಹೆಚ್ಚುಕಡಿಮೆ ಸಮ ಇರಬೇಕು. ಫೋರ್ ವೀಲ್ ಹಾಕಿ ಏರು ಹತ್ತಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ತೋರಿಸಿದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ.

ಐದನೆಯದು, ಮಾಡಿದ ಕೆಲಸದ ದಾಖಲೆ. ಕೆಲಸಕ್ಕೆ ಮೊದಲು, ನಡುವೆ, ನಂತರ ತೆಗೆದ ಫೋಟೋ, ಬಿಡಿಭಾಗಗಳ ಬಿಲ್ಲು, ತೆಗೆದಿಟ್ಟ ಹಳೆಯ ಭಾಗಗಳು, ಇವು ಇದ್ದವನ ಗಾಡಿಗೆ ಬೆಲೆ ಹೆಚ್ಚು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಹುಟ್ಟಿದ್ದು. ಅದು ಒಪ್ಪಿಕೊಂಡ ಟ್ಯೂರಿನ್ ಸನ್ನದಿನ ತಿರುಳೂ ಇದೇ. ಇದ್ದದ್ದನ್ನು ಕಾಪಾಡುವುದು ಮೊದಲು, ಹೊಸದಾಗಿ ಮಾಡುವುದು ಕೊನೆಗೆ, ಮಾಡಿದ್ದನ್ನು ಬರೆದಿಡುವುದು ಯಾವಾಗಲೂ.

ಹಾಗೆಂದು ದುರಸ್ತಿ ಮಾಡಿಸುವುದೇ ತಪ್ಪೆಂದು ನನ್ನ ವಾದವಲ್ಲ. ನೆಲದ ತಗಡೇ ಉದುರಿಹೋದ ಗಾಡಿಯನ್ನು ಪ್ರಾಮಾಣಿಕ ಕೆಲಸಗಾರನೊಬ್ಬ ಬದುಕಿಸಿದರೆ ಅದು ದೊಡ್ಡ ಕೆಲಸವೇ. ಅವನು ಏನು ಮಾಡಿದ ಎಂಬುದು ಕೊಳ್ಳುವವನಿಗೆ ಗೊತ್ತಾಗಬೇಕು, ಅಷ್ಟೆ. ಮಾಡಿಸಿದವರು ಸುರಿದ ಹಣವೆಲ್ಲ ಬೆಲೆಯಾಗಿ ವಾಪಸು ಬರುತ್ತದೆ ಎಂಬ ಭ್ರಮೆಯನ್ನು ಮಾತ್ರ ಬಿಡಬೇಕು.

ಕಾನೂನಿನ ಮಾತನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಬದಲಾಯಿಸಿದ್ದರೆ ಆಗದು. ಡೀಸೆಲ್ ಎಂಜಿನ್ ಕೂರಿಸಿದ ನನ್ನ ಪಿಕಪ್ ಇಲ್ಲಿಯೇ ಹೊರಗುಳಿಯಿತು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೋಗುವಂತಿಲ್ಲ. ಸರಕು ವಾಹನವೆಂದು ನೋಂದಣಿಯಾಗಿರುವ ಪಿಕಪ್ಪಾದರೆ, ಹಣ ಕೊಡುವ ಮೊದಲೇ ಸಾರಿಗೆ ಕಚೇರಿಗೆ ಹೋಗಿ ಕೇಳುವುದು ಕ್ಷೇಮ.

ಕಾರ್ಯದರ್ಶಿಯಾಗಿ ನನ್ನ ಅಭಿಪ್ರಾಯ ಇಷ್ಟು. ಸಾಲ ಮಾಡಿ ಇಂಥ ಗಾಡಿ ಕೊಳ್ಳಬೇಡಿ. ಉಳಿತಾಯದ ಹಣವಿದ್ದು, ಪ್ರೀತಿಯಿದ್ದು, ಲಾಭ ಬರದಿದ್ದರೂ ಪರವಾಗಿಲ್ಲ ಎನ್ನುವವರು ನೋಡಿ ಕೊಳ್ಳಲಿ. ಶೆಡ್ಡಿನಲ್ಲಿ ಹಳೆಯದು ಇರುವವರು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು, ಬಣ್ಣದ ಡಬ್ಬಿ ಬಿಚ್ಚುವ ಮೊದಲು, ನಾಲ್ಕು ಕಡೆಯಿಂದ ಫೋಟೋ ತೆಗೆದು, ಆರ್‌ಸಿ ಹುಡುಕಿ, ಇಳಿಸಿದ ಭಾಗಗಳನ್ನು ಒಂದು ಗೋಣಿಚೀಲದಲ್ಲಿ ಕಟ್ಟಿಡಲಿ. ಮಳೆ ಬೀಳದಂತೆ ಮಾಡು ಸರಿಪಡಿಸಲಿ. ಖರ್ಚಿಲ್ಲದ ಈ ಕೆಲಸವೇ ಗಾಡಿಯ ಬೆಲೆಯನ್ನು ಉಳಿಸುವುದು.

ಆ ಸದಸ್ಯರು ಮತ್ತೊಮ್ಮೆ ಬೆಂಗಳೂರಿಗೆ ಹೋಗಿ ಬಂದರು, ಈ ಸಲ ಅಯಸ್ಕಾಂತದೊಂದಿಗೆ. ಪುಸ್ತಕದಲ್ಲಿ 1948, ಮೂತಿ ಮಾತ್ರ ಚೂಪು, ಅಡ್ಡಪಟ್ಟಿ ಮೂರು. ಕ್ಯಾಬಿನ್ನಿನ ಎರಡೂ ಮೂಲೆಗಳಲ್ಲಿ ಅಯಸ್ಕಾಂತ ನಿಲ್ಲಲಿಲ್ಲವಂತೆ. ಸಾಲದ ಅರ್ಜಿಯನ್ನು ಅವರು ಬರೆಯಲಿಲ್ಲ. ಆ ಹಣದಲ್ಲಿ ತೋಟಕ್ಕೆ ಔಷಧಿ ಹೊಡೆಸುತ್ತಿದ್ದಾರೆ.

ಇಂಥ ಹಳೆಯ ವಾಹನ ಇರುವ ಸದಸ್ಯರು ಕಚೇರಿಗೆ ಬಂದು ವಿವರ ಬರೆಸಿದರೆ, ಮಾರುವ ಸಂದರ್ಭದಲ್ಲಿ ತಿಳಿದ ಮೆಕ್ಯಾನಿಕ್‌ರಿಂದ ಪರೀಕ್ಷೆ ಮಾಡಿಸಿಕೊಡುವ ಬಗ್ಗೆ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುವೆನು.

— ಕಾರ್ಯದರ್ಶಿ