ಸಂಶೋಧಕರಿಗೆ ನೀತಿಯ ಬಾಗಿಲು: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ



ಕೃತಕ ಬುದ್ಧಿಮತ್ತೆಯ ಸಂಶೋಧನೆಯಿಂದ ರಾಷ್ಟ್ರೀಯ ಭದ್ರತೆಯ ನೀತಿ ರೂಪಿಸುವ ಕೆಲಸಕ್ಕೆ ದಾಟುವವರಿಗೆ ಭಾರತದಲ್ಲಿ ಇನ್ನೂ ಸವೆದ ಹಾದಿಯಿಲ್ಲ. ಹಾಗೆಂದು ವಿಜ್ಞಾನಿಗಳು ಆ ಕಡೆ ತಿರುಗುವುದು ಕರ್ನಾಟಕಕ್ಕೆ ಹೊಸದಲ್ಲ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು. ಲೋಹವಿಜ್ಞಾನಿ ವಿ.ಎಸ್. ಅರುಣಾಚಲಂ 1982ರಿಂದ 1992ರವರೆಗೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದರು. ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯಲ್ಲಿದ್ದರು. ಮೂವರಿಗೂ ಕರೆ ಬಂದದ್ದು ಹೆಸರು ಮಾಡಿದ ಮೇಲೆ.

ಅಣುಶಕ್ತಿ ಸರ್ಕಾರದ ಗೋಡೆಯೊಳಗೇ ಬೆಳೆದ ವಿದ್ಯೆ. ತಿಳಿದವರು ಕೈಗೆಟಕುವಲ್ಲೇ ಇದ್ದರು. ಕೃತಕ ಬುದ್ಧಿಮತ್ತೆ ಬಹುಪಾಲು ಖಾಸಗಿ ಕಂಪನಿಗಳಲ್ಲಿ, ಅದೂ ಬಹಳಷ್ಟು ಯುವ ಸಂಶೋಧಕರ ಕೈಯಲ್ಲಿ ಬೆಳೆಯುತ್ತಿದೆ. ಡಿಆರ್‌ಡಿಒ ಬೆಂಗಳೂರಿನಲ್ಲಿ 1986ರಲ್ಲೇ ಇದಕ್ಕೊಂದು ಪ್ರಯೋಗಾಲಯ ತೆರೆದಿತ್ತು, ನಿಜ. 2018ರಲ್ಲಿ ಎನ್. ಚಂದ್ರಶೇಖರನ್ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟ ಮೇಲೆ ರಕ್ಷಣಾ ಸಚಿವರ ಅಧ್ಯಕ್ಷತೆಯಲ್ಲಿ ಒಂದು ಪರಿಷತ್ತೂ ಆಯಿತು. 2024ರಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿತು. ಯಂತ್ರಕ್ಕೆ ಹಣ ಸಿಕ್ಕಿದೆ. ಯಂತ್ರ ಬಲ್ಲವರನ್ನು ಕಡತದ ಮುಂದೆ ಕೂಡಿಸುವ ವ್ಯವಸ್ಥೆ ಮಾತ್ರ ಅಷ್ಟಕ್ಕಷ್ಟೆ.

ಕಲಬುರಗಿಗೆ ಇದರಲ್ಲೇನು ಕೆಲಸ? ಧ್ವನಿ ಗುರುತಿಸುವ ತಂತ್ರಾಂಶವನ್ನೇ ನೋಡಬಹುದು. ನಕಲಿ ಧ್ವನಿಯ ವಂಚನೆ ಹಿಡಿಯಲು ಪೊಲೀಸರು ಅಂಥದೊಂದನ್ನು ಕೊಳ್ಳುವಾಗ ಮಾರುವವರು ಶೇಕಡಾ 95 ನಿಖರತೆ ಎಂದರೆ ಸಾಮಾನ್ಯ ಅಧಿಕಾರಿ ಒಪ್ಪಿಕೊಳ್ಳುತ್ತಾರೆ. ಮಾದರಿಗಳನ್ನು ತರಬೇತುಗೊಳಿಸಿದವರು ಯಾರ ಧ್ವನಿಯ ಮೇಲೆ ಅಳೆದದ್ದೆಂದು ಕೇಳುತ್ತಾರೆ. ಬೆಂಗಳೂರಿನ ಕನ್ನಡ ಕಲಿತ ಯಂತ್ರ, ಕಮಲಾಪುರದ ಸಂತೆಯಲ್ಲಿ ‘ಎಲ್ಲಿಗಿ ಹೊಂಟೀರಿ’ ಎನ್ನುತ್ತ ನಡುವೆ ದಖನಿ ಉರ್ದು ಬೆರೆಸುವವರ ಅಸಲಿ ಮಾತನ್ನೇ ನಕಲಿ ಎಂದುಬಿಡಬಹುದು. ಅನುಮಾನಕ್ಕೆ ಗುರಿಯಾಗುವವರು ಆಗ ಈ ಭಾಗದ ಜನರೇ. ಇದನ್ನು ಮೊದಲೇ ಊಹಿಸಲು ಗಣಿತವೂ ಬೇಕು, ಈ ಸೀಮೆಯ ಕಿವಿಯೂ ಬೇಕು.

ಗುಲಬರ್ಗಾ ವಿಶ್ವವಿದ್ಯಾಲಯ, 1958ರ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಜಿಲ್ಲೆಯಿದು. ಸಂವಿಧಾನದ 371(ಜೆ) ವಿಧಿಯಡಿ ಹುಟ್ಟಿದ ನಿಮ್ಮ ಮಂಡಳಿ ರಸ್ತೆ, ಕಟ್ಟಡಗಳ ಜೊತೆಗೆ ಎರಡು ವರ್ಷದ ಒಂದು ಫೆಲೋಶಿಪ್ಪನ್ನೂ ನಡೆಸಬಹುದು. ಅಮೆರಿಕದಲ್ಲಿ ವಿಜ್ಞಾನಿಗಳನ್ನು ಸರ್ಕಾರದೊಳಗೆ ಕೂಡಿಸುವ ಇಂಥ ಯೋಜನೆ 1973ರಿಂದ ನಡೆದಿದೆ. ಇಲ್ಲಿ ಆಯ್ಕೆಯಾದವರು ಮೊದಲ ವರ್ಷ ರಾಮಣ್ಣನವರು ಮೊದಲ ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಂಥ (ನಿಯಾಸ್) ಕಡೆ ಕಾನೂನು, ಸೇನಾ ಖರೀದಿ, ರಾಜತಾಂತ್ರಿಕತೆ ಕಲಿಯಬಹುದು. ಎರಡನೆಯ ವರ್ಷ ಇಲಾಖೆಯೊಂದರಲ್ಲಿ ಕೂರಬಹುದು. ಹಲವರು ಹಿಂಜರಿಯಬಹುದಾದದ್ದು ಸಂಬಳಕ್ಕಷ್ಟೇ ಅಲ್ಲ, ಗೋಪ್ಯತೆಗೂ. ಭದ್ರತೆಯ ಕೆಲಸದಲ್ಲಿ ಹಲವು ಸಲ ಪ್ರಬಂಧ ಪ್ರಕಟಿಸುವಂತಿರುವುದಿಲ್ಲ, ಪ್ರಕಟಿಸದವರು ವಿಶ್ವವಿದ್ಯಾಲಯಕ್ಕೆ ಮರಳುವುದು ಕಷ್ಟ. ಆದ್ದರಿಂದ ಈ ಎರಡು ವರ್ಷವನ್ನು ಬೋಧನಾನುಭವವೆಂದು ಎಣಿಸುವ ಷರತ್ತು ಫೆಲೋಶಿಪ್ಪಿನ ಆದೇಶದಲ್ಲೇ ಇರಬೇಕು.