ಎಷ್ಟು ದೂರದಿಂದ ನೋಡಬಹುದು?

ಮಿನೋಲ್ಟಾ ಕಂಪನಿ 1980ರ ಆಸುಪಾಸಿನಲ್ಲಿ ಮಾಡಿದ 250 ಮಿ.ಮೀ. ಮಿರರ್ ಲೆನ್ಸ್ ಅಂಗೈಯಲ್ಲಿ ಹಿಡಿಸುತ್ತದೆ. ಉದ್ದ ಸುಮಾರು ಆರು ಸೆಂಟಿಮೀಟರ್, ತೂಕ ಹೆಚ್ಚುಕಡಿಮೆ ಕಾಲು ಕೆ.ಜಿ. ಮಾಮೂಲಿ ಟೆಲಿಫೋಟೊದಲ್ಲಿ ಬೆಳಕು ಗಾಜುಗಳನ್ನು ದಾಟಿಕೊಂಡು ನೇರ ಹೋಗುತ್ತದೆ. ಇದರಲ್ಲಿ ಅದು ಹಿಂಬದಿಯ ಬಾಗಿದ ಕನ್ನಡಿಗೆ ಬಿದ್ದು ಮುಂದಕ್ಕೆ ಮರಳಿ, ಮೂತಿಯ ನಡುವಿರುವ ಪುಟ್ಟ ಕನ್ನಡಿಗೆ ತಾಗಿ, ಮತ್ತೆ ಹಿಂದಕ್ಕೆ ಬಂದು ಫಿಲ್ಮು ಮುಟ್ಟುತ್ತದೆ. ದಾರಿಯನ್ನು ಹೀಗೆ ಮಡಿಚಿದ್ದರಿಂದಲೇ ಕೊಳವೆ ಗಿಡ್ಡವಾಯಿತು. ಈ ಉಪಾಯ ಬಂದದ್ದು ದೂರದರ್ಶಕಗಳಿಂದ; ಸೋವಿಯತ್ ವಿಜ್ಞಾನಿ ಡಿಮಿಟ್ರಿ ಮಾಕ್ಸುಟೋವ್ 1941ರಲ್ಲಿ ರೂಪಿಸಿದ ವಿನ್ಯಾಸ ಇಂಥ ಹಲವು ಲೆನ್ಸುಗಳ ಬೆನ್ನಿಗಿದೆ. ಮಿರರ್‌ಲೆಸ್ ಕ್ಯಾಮೆರಾಗಳಿಗೆ ಅಡಾಪ್ಟರ್ ಹಾಕಿ ಹಳೆಯ ಲೆನ್ಸ್ ಕೂರಿಸುವುದು ಸುಲಭವಾದ ಮೇಲೆ ಇವು ಮತ್ತೆ ಹವ್ಯಾಸಿಗಳ ಚೀಲ ಸೇರಿವೆ.

ದಿನಬಳಕೆಗೆ ಇವು ಆಗುತ್ತವೆಯೇ ಎಂದು ಕೇಳಿದರೆ ಆಗುತ್ತವೆ ಎಂದೇ ಹೇಳಬೇಕು. ಮಿತಿಗಳಂತೂ ಇವೆ. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವಂತಿಲ್ಲ, f/5.6 ಅಂದರೆ ಅಷ್ಟೇ, f/8 ಅಂದರೆ ಅಷ್ಟೇ. ಹಾಗಾಗಿ ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ಇದು ಚೀಲದಲ್ಲೇ ಉಳಿಯಬೇಕು. ತೊಣ್ಣೂರು ಕೆರೆಯ ನೀರು ಬಿಸಿಲಿಗೆ ಮಿನುಗುತ್ತಿದ್ದರೆ, ಹಿನ್ನೆಲೆಯ ಒಂದೊಂದು ಮಿನುಗೂ ಉಂಗುರವಾಗಿ ಮೂಡಿ ಚಿತ್ರದ ತುಂಬ ಹರಡುತ್ತದೆ. ಏಪ್ರಿಲ್ ಮಧ್ಯಾಹ್ನ ಕುಂತಿಬೆಟ್ಟದ ಬಂಡೆಗಳನ್ನು ಬಯಲಿನಿಂದ ಹಿಡಿಯಹೊರಟರೆ ಬಿಸಿಲುಗುದುರೆಯೇ ಅಡ್ಡ ನಿಲ್ಲುತ್ತದೆ, ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಆದರೆ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಹೋಗಿ. ಹದಿಮೂರನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಶಿಖರವನ್ನು ಬುಡದಲ್ಲಿ ನಿಂತು ತೆಗೆದರೆ ಮೇಲಿನ ಸಾಲುಗಳೆಲ್ಲ ಕುಗ್ಗಿ ಹಿಂದಕ್ಕೆ ವಾಲುತ್ತವೆ. ದೂರ ಸರಿದು ಉದ್ದ ಲೆನ್ಸಿನಲ್ಲಿ ನೋಡಿದಾಗ ಆ ಕೆತ್ತನೆಗಳು ತಮ್ಮ ಅಳತೆಯಲ್ಲಿ ಕಾಣುತ್ತವೆ. ನಾಗಮಂಗಲದ ಸೌಮ್ಯಕೇಶವ ಗುಡಿಯ ಗೋಪುರಕ್ಕೂ ಈ ಮಾತು ಸಲ್ಲುತ್ತದೆ. ಕಲ್ಲಿಗೆ ನಾವು ಎಷ್ಟು ದೂರ ನಿಂತರೂ ಬಾಧಕವಿಲ್ಲ.

ಹಕ್ಕಿಗಂತೂ ನಮ್ಮ ದೂರ ಉಪಕಾರವೇ. ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಶ್ರೀರಂಗಪಟ್ಟಣದ ರಂಗನತಿಟ್ಟು 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಉದ್ದ ಲೆನ್ಸುಗಳು ಕೈಗೆಟುಕದ ಕಾಲದಲ್ಲಿ ಹಕ್ಕಿಯ ಚಿತ್ರ ಬೇಕಿದ್ದವರು ಗೂಡಿನ ಪಕ್ಕದಲ್ಲೇ ಮರೆ ಕಟ್ಟಿಕೊಂಡು ಕೂರುತ್ತಿದ್ದರು. ಗೂಡಿನ ಹತ್ತಿರ ಸುಳಿದಾಡಿದರೆ ತಾಯಿಹಕ್ಕಿ ಮರಿಗಳನ್ನು ಬಿಟ್ಟುಹೋಗಬಹುದು ಎಂಬ ಅರಿವು ಹರಡಿದಂತೆ ಆ ಪದ್ಧತಿಯನ್ನು ನಿಸರ್ಗ ಛಾಯಾಗ್ರಾಹಕರೇ ದೂರವಿಟ್ಟರು. ಆದಿಚುಂಚನಗಿರಿಯ ನವಿಲನ್ನು ಅದರ ಪಾಡಿಗೆ ಬಿಟ್ಟು ತೆಗೆಯಲು ಸಾಧ್ಯವಾಗುವುದೂ ಇದೇ ದೂರದಿಂದ.

ನನ್ನ ತಕರಾರು ಇರುವುದು ಅದೇ ಲೆನ್ಸು ಮನುಷ್ಯರತ್ತ ತಿರುಗಿದಾಗ. ರಂಗನತಿಟ್ಟಿನಿಂದ ಬಹಳ ದೂರವಿಲ್ಲದ ಪಶ್ಚಿಮವಾಹಿನಿಯಲ್ಲಿ ಕಾವೇರಿಯ ಕವಲು ಪಶ್ಚಿಮಕ್ಕೆ ಹರಿಯುತ್ತದೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ವಿಸರ್ಜಿಸಿದ್ದು ಇಲ್ಲೇ. ದಿನವೂ ಯಾವುದೋ ಊರಿನ ಮಗ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಅಪ್ಪನ ಅಸ್ಥಿ ಹಿಡಿದು ಈ ಮೆಟ್ಟಿಲಿಳಿಯುತ್ತಾನೆ. ಜಾಗ ಸಾರ್ವಜನಿಕ, ಯಾರು ಬೇಕಾದರೂ ಬರಬಹುದು, ನೋಡಬಹುದು. ಆಚೆ ದಡದಿಂದ ಅವನ ಮುಖವನ್ನಷ್ಟೇ ತುಂಬಿಕೊಂಡು ಚಿತ್ರ ತೆಗೆಯಬಹುದೇ?

ದೊಡ್ಡ ಟೆಲಿಫೋಟೊ ಒಂದು ಉಪಕಾರ ಮಾಡುತ್ತಿತ್ತು. ಫಿರಂಗಿಯಂಥ ಆ ಕೊಳವೆ ತನ್ನತ್ತ ತಿರುಗಿದೆ ಎಂದು ಎದುರಿನವನಿಗೆ ಗೊತ್ತಾಗುತ್ತಿತ್ತು. ಅವನು ಮುಖ ತಿರುಗಿಸಬಹುದಿತ್ತು, ಕೈ ಅಡ್ಡ ಹಿಡಿಯಬಹುದಿತ್ತು, ಬೈಯಬಹುದಿತ್ತು. ಗಿಡ್ಡ ಮಿರರ್ ಲೆನ್ಸ್ ಆ ಸುಳಿವನ್ನು ಅಳಿಸಿತು. ನೋಡಿದವರು ಯಾರೋ ಹೊಳೆಯ ನೋಟ ತೆಗೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ತಯಾರಿಸಿದವರ ಉದ್ದೇಶ ಅದಾಗಿರಲಿಲ್ಲ, ನಿಜ. ಪರಿಣಾಮವಂತೂ ಅದೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಗೊತ್ತಾದರೆ ಜನ ಸೆಟೆದು ನಿಲ್ಲುತ್ತಾರೆ, ಜೀವಂತಿಕೆ ಹೋಗುತ್ತದೆ. ಹೇಳದೆ ತೆಗೆದ ಚಿತ್ರಗಳಿಂದಲೇ ಈ ಕಲೆ ಬೆಳೆದಿದೆ ಎನ್ನುತ್ತಾರೆ. ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ ಅವರ ಹೆಸರು ಹೇಳುತ್ತಾರೆ. ಅವರು ಹೇಳದೆ ತೆಗೆದದ್ದು ಹೌದು. ಆದರೆ ಅವರು ಹೆಚ್ಚಾಗಿ ಬಳಸಿದ್ದು 50 ಮಿ.ಮೀ. ಲೆನ್ಸ್. ಅದರಲ್ಲಿ ಒಂದು ಮುಖ ಚೆನ್ನಾಗಿ ಕಾಣಬೇಕಾದರೆ ನಾಲ್ಕೈದು ಹೆಜ್ಜೆಯ ಒಳಗಿರಬೇಕು. ತಲೆಯೆತ್ತಿದರೆ ಛಾಯಾಗ್ರಾಹಕ ಎದುರಿಗೇ ಇದ್ದಾನೆ, ‘ಯಾಕಯ್ಯ ತೆಗೆದೆ’ ಎಂದು ಕೇಳಬಹುದು. ಆಚೆ ದಡದಲ್ಲಿ ನಿಂತವನನ್ನು ಯಾರು ಕೇಳುವುದು? ದೂರದಿಂದ ತೆಗೆದಾಗ ತಪ್ಪಿಹೋಗುವುದು ಒಪ್ಪಿಗೆಯೊಂದೇ ಅಲ್ಲ, ಉತ್ತರ ಕೊಡಬೇಕಾದ ಸ್ಥಳದಿಂದಲೇ ನಾವು ತಪ್ಪಿಸಿಕೊಂಡಿರುತ್ತೇವೆ. ನನಗೆ ಒಪ್ಪಿಗೆಗಿಂತ ಇದು ದೊಡ್ಡದಾಗಿ ಕಾಣುತ್ತದೆ.

ಸಾರ್ವಜನಿಕ ಜಾಗದಲ್ಲಿ ಇದ್ದಾರಲ್ಲ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ನಾಲ್ಕು ಜನರ ನಡುವೆ ಬಂದ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನ ಕಳೆದುಹೋಗುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ನಿಂತವನಿಗೆ ಅದು ಸಲ್ಲದಿದ್ದರೆ ಇನ್ನಾರಿಗೆ ಸಲ್ಲಬೇಕು?

ಹಾಗೆಂದು ಜನರ ಚಿತ್ರಕ್ಕೆ ಈ ಲೆನ್ಸ್ ಬೇಡವೆನ್ನುತ್ತಿಲ್ಲ. ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರನ್ನು ‘ಅಣ್ಣ, ಒಂದ್ ಪೋಟೊ ತಗೀಲಾ’ ಎಂದು ಕೇಳಿ. ‘ತಗಳಿ, ಅದ್ಕೇನು’ ಎಂದು ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಾರೆ. ಕುದಿಯುವ ಕಬ್ಬಿನ ಹಾಲು ಕಾಯುವುದಿಲ್ಲ. ಮಡ್ಡಿ ತೆಗೆಯಬೇಕು, ಒಲೆಗೆ ಸಿಪ್ಪೆ ಒಡ್ಡಬೇಕು, ಹದ ನೋಡಬೇಕು. ನಿಮ್ಮನ್ನು ಮರೆತು ಕೆಲಸಕ್ಕೆ ತೊಡಗುತ್ತಾರೆ. ಆಗ ಕಾವಿನಿಂದ, ಅವರ ಓಡಾಟದ ದಾರಿಯಿಂದ ಹಿಂದೆ ಸರಿದು ನಿಲ್ಲಲು 250 ಮಿ.ಮೀ. ಎಷ್ಟು ಅನುಕೂಲವೆಂದರೆ, ಹಬೆಯ ನಡುವಿನ ಮುಖ ಹುಡುಕಲು ಅದಕ್ಕಿಂತ ಒಳ್ಳೆಯ ಲೆನ್ಸನ್ನು ನಾನು ಕಾಣೆ. ಜೀವಂತಿಕೆ ಎಲ್ಲೂ ಹೋಗಿರುವುದಿಲ್ಲ. ಯಾರು ನೋಡುತ್ತಿದ್ದಾರೆಂದು ಅವರಿಗೆ ಗೊತ್ತಿರುತ್ತದೆ, ಬೇಡವೆನಿಸಿದರೆ ಕೂಗಿ ಹೇಳುತ್ತಾರೆ.

ಇದು ಹಳೆಯ ಲೆನ್ಸ್ ಕೂಡಿಡುವ ಕೆಲವರ ಸಮಸ್ಯೆ ಎಂದು ಬಿಡುವಂತೆಯೂ ಇಲ್ಲ. ದುಬಾರಿ ಮೊಬೈಲುಗಳ ಜೂಮಿನಲ್ಲಿ ಈಗ ಪಟ್ಟಕವೊಂದು ಬೆಳಕಿನ ದಾರಿಯನ್ನು ಬಾಗಿಸುತ್ತದೆ. ಉದ್ದ ಅಡಗಿಸುವ ಉಪಾಯ ಜೇಬಿಗೇ ಬಂದಾಯಿತು. ಹಕ್ಕಿಯ ಗೂಡಿನಿಂದ ಎಷ್ಟು ದೂರವಿರಬೇಕೆಂದು ಹೊಸಬರಿಗೆ ಕಲಿಸುವ ಛಾಯಾಗ್ರಹಣ ಶಿಬಿರಗಳು, ಸ್ನಾನಘಟ್ಟದಲ್ಲಿ ಕ್ಯಾಮೆರಾ ಎತ್ತುವ ಮೊದಲು ಮನುಷ್ಯನಿಗೆ ಎಷ್ಟು ಹತ್ತಿರ ಹೋಗಬೇಕೆಂಬುದನ್ನೂ ಅದೇ ಪಾಠದಲ್ಲಿ ಸೇರಿಸಬೇಕು.