ಅಮೃತಮತಿಯ ಹೆಸರಿನಲ್ಲಿ ಸಂಶಯದ ಸಮರ್ಥನೆ ಸಲ್ಲದು

ಜನ್ನನ ‘ಯಶೋಧರ ಚರಿತೆ’ಯನ್ನು ಓದದವರೂ ಅಮೃತಮತಿಯ ಹೆಸರನ್ನು ಬಲ್ಲರು. ಉಜ್ಜಯಿನಿಯ ಅರಸ ಯಶೋಧರನ ರಾಣಿ ರೂಪವಂತನಾದ ಗಂಡನನ್ನು ಬಿಟ್ಟು ವಿಕಾರರೂಪಿಯಾದ ಮಾವುತನ ಹಾಡಿಗೆ ಮನಸೋತಳು. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ಇಷ್ಟನ್ನೇ ಕಾವ್ಯದ ಸಾರವೆಂದು ತಿಳಿದು ‘ಹೆಣ್ಣನ್ನು ನಂಬಬಾರದೆಂದು ಜನ್ನನೇ ಹೇಳಿದ್ದಾನಲ್ಲ’ ಎಂದು ತೀರ್ಪು ಕೊಡುವವರು ಮೂರು ದಶಕಗಳ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯ ವರ್ಷವರ್ಷವೂ ಮರುಹುಟ್ಟು ಪಡೆಯುತ್ತದೆ. ಇತ್ತೀಚೆಗೆ ಇದಕ್ಕೆ ಇನ್ನೊಂದು ರೂಪ ಬಂದಿದೆ. ಮದುವೆಯಾದವರೂ ಮದುವೆಗೆ ಮನಸ್ಸು ಮಾಡಿದವರೂ ಗಂಡುಹೆಣ್ಣೆಂಬ ಭೇದವಿಲ್ಲದೆ ‘ಈ ಕಾಲದಲ್ಲಿ ಯಾರನ್ನೂ ನಂಬುವಂತಿಲ್ಲ’ ಎನ್ನುತ್ತಾರೆ. ಹಾಗೆಂದು ಒಬ್ಬರ ಮೊಬೈಲನ್ನು ಇನ್ನೊಬ್ಬರು ಕದ್ದು ನೋಡುತ್ತಾರೆ, ಪಾಸ್‌ವರ್ಡ್ ಕೇಳುತ್ತಾರೆ, ಗಳಿಗೆಗಳಿಗೆಗೂ ಲೊಕೇಶನ್ ಕಳಿಸೆನ್ನುತ್ತಾರೆ. ಸಂಶಯವನ್ನು ವಿವೇಕವೆಂದು ಕರೆದುಕೊಳ್ಳುವ ಈ ರೂಢಿಗೆ ನಮ್ಮ ಪ್ರಾಚೀನ ಕಾವ್ಯಗಳ ಸಮ್ಮತಿಯಿದೆ ಎಂಬ ಮಾತನ್ನು ನಾನು ಒಪ್ಪಲಾರೆ. ಅವುಗಳನ್ನು ಪೂರ್ತಿಯಾಗಿ ಓದಿದವರು ಯಾರೂ ಒಪ್ಪಲಾರರು.

ಮೊದಲು ಯಶೋಧರನ ಕಥೆಯ ವಂಶಾವಳಿಯನ್ನು ನೋಡೋಣ. ಪಂಪನ ಆಶ್ರಯದಾತ ಅರಿಕೇಸರಿಯ ಮಗನ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಸೋಮದೇವಸೂರಿ ಈ ಕಥೆಯನ್ನು ‘ಯಶಸ್ತಿಲಕ’ವೆಂಬ ಸಂಸ್ಕೃತ ಚಂಪುವಾಗಿ ಬರೆದ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದ ವಾದಿರಾಜಸೂರಿ ಅದನ್ನು ಕಿರಿದಾಗಿಸಿ ‘ಯಶೋಧರಚರಿತ’ವನ್ನು ರಚಿಸಿದ. ಇದೇ ಜಯಸಿಂಹನ ಆಳ್ವಿಕೆಗೆ ಸೇರಿದ 1024ರ ಜೈನ ಶಾಸನವೊಂದು ಹುನಗುಂದ ಸೀಮೆಯ ನಮ್ಮ ಮರೋಳದಲ್ಲಿದೆ. ಅದರ ಮರುವರ್ಷವೇ, 1025ರಲ್ಲಿ, ವಾದಿರಾಜ ತನ್ನ ‘ಪಾರ್ಶ್ವನಾಥಚರಿತ’ವನ್ನು ಮುಗಿಸಿದ. ಯಶೋಧರನ ಕಥೆ ನಮ್ಮ ಭಾಗದವರಿಗೆ ದೂರದ ಉಜ್ಜಯಿನಿಯ ಕಥೆಯಲ್ಲ. ಮರೋಳದ ಕಲ್ಲಿನ ಮೇಲೆ ಅಕ್ಷರ ಮೂಡಿದ ತಲೆಮಾರಿನಲ್ಲೇ ಈ ನಾಡಿನಲ್ಲಿ ಮರುರೂಪ ಪಡೆದ ಕಥೆ. ವಾದಿರಾಜನ ಜಾಡನ್ನು ಹಿಡಿದು 1209ರಲ್ಲಿ ಜನ್ನ ಕನ್ನಡದಲ್ಲಿ ಹೆಚ್ಚಿನಂಶ ಕಂದಪದ್ಯಗಳಿಂದಲೇ ನಾಲ್ಕು ಅವತಾರಗಳ ಕಾವ್ಯವನ್ನು ಕಟ್ಟಿದ.

ಈ ಮೂವರಲ್ಲಿ ಯಾರೂ ಕಥೆಯನ್ನು ಅಮೃತಮತಿಯಿಂದ ಆರಂಭಿಸುವುದಿಲ್ಲ, ಅಮೃತಮತಿಯಲ್ಲಿ ಮುಗಿಸುವುದೂ ಇಲ್ಲ. ಕಥೆ ಆರಂಭವಾಗುವುದು ಚಂಡಮಾರಿಯ ಗುಡಿಯಲ್ಲಿ. ಮಾರಿದತ್ತನೆಂಬ ಅರಸ ನರಬಲಿಗೆಂದು ತರಿಸಿದ ಎಳೆಯ ಅಣ್ಣತಂಗಿಯರು ಅಭಯರುಚಿ ಮತ್ತು ಅಭಯಮತಿ. ಎತ್ತಿದ ಕತ್ತಿಯ ಎದುರಿನಲ್ಲಿ ನಿಂತು ಅಭಯರುಚಿ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಕೇಳಿದ ಮಾರಿದತ್ತ ಕೊಲೆಯನ್ನು ಕೈಬಿಡುತ್ತಾನೆ. ‘ಹೆಂಡತಿಯನ್ನು ನಂಬಬೇಡ’ ಎಂಬುದು ಈ ಕಾವ್ಯದ ಉಪದೇಶವಾಗಿದ್ದರೆ ಮಾರಿದತ್ತ ಗುಡಿಯಿಂದ ಹೊರಟು ಅಂತಃಪುರಕ್ಕೆ ಕಾವಲು ಹೆಚ್ಚಿಸಬೇಕಾಗಿತ್ತು. ಅವನು ಮಾಡಿದ್ದು ಅದಲ್ಲ, ಹಿಂಸೆಯನ್ನು ತೊರೆದದ್ದು. ಕೇಳುಗನಿಗೆ ಅರ್ಥವಾದದ್ದು ಓದುಗನಿಗೆ ಅರ್ಥವಾಗದಿದ್ದರೆ ತಪ್ಪು ಕವಿಯದಲ್ಲ.

ಯಶೋಧರ ನವಿಲಾಗಿ, ಅವನ ತಾಯಿ ನಾಯಾಗಿ, ಮತ್ತೆ ಮತ್ತೆ ತಿರ್ಯಗ್ಜನ್ಮಗಳಲ್ಲಿ ತೊಳಲಿದ್ದು ಯಾವ ಕರ್ಮದಿಂದ? ಹೆಂಡತಿಯನ್ನು ನಂಬಿದ ಕರ್ಮದಿಂದಲ್ಲ, ಹಿಟ್ಟಿನ ಹುಂಜವನ್ನು ಕಡಿದ ಕರ್ಮದಿಂದ. ಆ ಹುಂಜವನ್ನು ಕಡಿಯುವ ಸ್ಥಿತಿಗೆ ಅವನು ಬಂದದ್ದು ಹೇಗೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಗಮನಿಸಬೇಕು. ಇರುಳಿನಲ್ಲಿ ರಾಣಿಯನ್ನು ಹಿಂಬಾಲಿಸಿ ಹೋದ ಯಶೋಧರ, ತಡವಾಗಿ ಬಂದಳೆಂದು ಮಾವುತ ಅವಳನ್ನು ಬಡಿಯುವುದನ್ನೂ ಅವಳು ಅವನ ಕಾಲಿಗೆರಗುವುದನ್ನೂ ಕಂಡ. ಕತ್ತಿಯೆತ್ತಿದವನು ತನ್ನನ್ನು ತಾನೇ ತಡೆದುಕೊಂಡ. ಇಲ್ಲಿಯವರೆಗೆ ಅವನು ದೊಡ್ಡವನೇ. ಆದರೆ ಮುಂದೆ? ಅವಳೊಡನೆ ಒಂದು ಮಾತನ್ನೂ ನೇರವಾಗಿ ಆಡಲಿಲ್ಲ. ಸರಸದ ನೆಪದಲ್ಲಿ ಹೂವಿನಿಂದ ಹೊಡೆದು ಕುಟುಕಿದ. ತಾಯಿಯ ಎದುರಿನಲ್ಲಿ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳಿದ. ಆ ಸುಳ್ಳಿಗೆ ಪರಿಹಾರವಾಗಿ ತಾಯಿ ಬಲಿಯನ್ನು ಸೂಚಿಸಿದಾಗ ಜೀವದ ಬದಲಿಗೆ ಹಿಟ್ಟಿನ ಹುಂಜವಾದರೆ ಆಗಬಹುದೆಂದು ಒಪ್ಪಿದ. ಕಂಡದ್ದನ್ನು ಆಡಲಾರದವನು ಕಾಣದ ಕನಸನ್ನು ಕಟ್ಟಿದ; ಕನಸು ಬಲಿಯನ್ನು ಬೇಡಿತು; ಬಲಿ ಭವಭವಗಳನ್ನು ಬೇಡಿತು. ದ್ರೋಹ ಅಮೃತಮತಿಯದೇ, ಸಂದೇಹವಿಲ್ಲ. ಆದರೆ ದ್ರೋಹದ ಗಾಯ ಹಿಂಸೆಯಾಗಿ ಕೀವುಗಟ್ಟಿದ್ದು ಯಶೋಧರನ ಮೌನದಲ್ಲಿ. ಗಿರೀಶ ಕಾರ್ನಾಡರು ಈ ವಸ್ತುವಿನ ಮೇಲೆ ನಾಟಕ ಬರೆದಾಗ ಅದಕ್ಕೆ ‘ಹಿಟ್ಟಿನ ಹುಂಜ’ ಎಂದೇ ಹೆಸರಿಟ್ಟರು. ಕಥೆಯ ಕೇಂದ್ರ ಎಲ್ಲಿದೆಯೆಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು.

ಜನ್ನನ ಕಾವ್ಯದಲ್ಲಿ ಸ್ತ್ರೀನಿಂದೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇದೆ, ಅದು ಅವನ ಕಾಲದ ಮಾತು, ವೈರಾಗ್ಯಕ್ಕೆ ಪೀಠಿಕೆ ಹಾಕುವ ಪುರುಷಕವಿಗಳೆಲ್ಲರ ರೂಢಿಯ ಮಾತು. ಆದರೆ ರೂಢಿಯ ಮಾತನ್ನು ಕಾವ್ಯದ ದರ್ಶನವೆಂದು ಹಿಡಿಯುವುದು ಹೊಟ್ಟನ್ನು ಕಾಳೆಂದು ಅಳೆದಂತೆ.

ಇನ್ನು ಸಂಶಯವೇ ನಾಯಕನಾಗಿರುವ ಕಥೆಯೂ ನಮ್ಮಲ್ಲಿದೆ. ಅದನ್ನು ಯಾರೂ ಉದಾಹರಿಸುವುದಿಲ್ಲ. ವಿಮಲಸೂರಿಯ ‘ಪಉಮಚರಿಯ’ದಿಂದ ಹರಿದುಬಂದ ರಾಮಕಥೆಯ ಪರಂಪರೆಯಲ್ಲಿ ಅಂಜನಾ ಮತ್ತು ಪವನಂಜಯರ ವೃತ್ತಾಂತವಿದೆ, ಕನ್ನಡದಲ್ಲಿ ಶಿಶುಮಾಯಣ ಇದನ್ನೇ ‘ಅಂಜನಾ ಚರಿತೆ’ಯೆಂಬ ಸಾಂಗತ್ಯವಾಗಿಸಿದ್ದಾನೆ. ಮದುವೆಗೆ ಮುನ್ನ ಪವನಂಜಯ ಭಾವಿ ವಧುವನ್ನು ಮರೆಯಲ್ಲಿ ನಿಂತು ನೋಡಲು ಹೋಗುತ್ತಾನೆ. ಅವಳ ಸಖಿಯೊಬ್ಬಳು ಇನ್ನೊಬ್ಬ ರಾಜಕುಮಾರನನ್ನು ಹೊಗಳಿ ಇವನನ್ನು ಹಳಿಯುತ್ತಾಳೆ. ಅಂಜನೆ ಸುಮ್ಮನಿರುತ್ತಾಳೆ. ಆ ಮೌನವನ್ನು ಸಮ್ಮತಿಯೆಂದು ತಿಳಿದ ಪವನಂಜಯ ಮದುವೆಯಾದ ಮೇಲೆ 22 ವರ್ಷ ಅವಳ ಮುಖ ನೋಡುವುದಿಲ್ಲ. ಕದ್ದು ಕೇಳಿದ ಅರೆಮಾತಿಗೆ ತಾನೇ ಅರ್ಥ ಕಟ್ಟಿ, ವಿವರಣೆಗೆ ಅವಕಾಶ ಕೊಡದೆ, ಅವಳಿಗೆ ಗೊತ್ತೇ ಇಲ್ಲದ ಅಪರಾಧಕ್ಕೆ ವಿಧಿಸಿದ ಶಿಕ್ಷೆ ಅದು. ಇಂದು ಪರದೆಯ ಮೇಲಿನ ಒಂದು ಸಂದೇಶವನ್ನು, ‘ಕೊನೆಯ ಬಾರಿ ನೋಡಿದ್ದು’ ಎಂಬ ಗಡಿಯಾರದ ಅಂಕಿಯನ್ನು ಹಿಡಿದು ಇಡೀ ಮನುಷ್ಯಳನ್ನು ತೂಗುವವರು ಪವನಂಜಯನ ಸಂತತಿಯವರೇ ಹೊರತು ಜನ್ನನ ಶಿಷ್ಯರಲ್ಲ.

ಪವನಂಜಯನ ಕಣ್ಣು ತೆರೆದದ್ದು ಯಾವ ಸಾಕ್ಷ್ಯದಿಂದಲೂ ಅಲ್ಲ. ಯುದ್ಧಕ್ಕೆ ಹೊರಟವನು ಮಾನಸ ಸರೋವರದ ದಂಡೆಯಲ್ಲಿ ಸಂಗಾತಿಯನ್ನಗಲಿದ ಚಕ್ರವಾಕದ ಕೊರಗನ್ನು ಕಂಡು ಅಂಜನೆಯ ಕೊರಗನ್ನು ಊಹಿಸಬಲ್ಲವನಾದ; ಅಂದಿನ ರಾತ್ರಿಯೇ ಗುಟ್ಟಾಗಿ ಹಿಂದಿರುಗಿದ. ಆದರೆ ಗುಟ್ಟು ಮತ್ತೆ ಅವಳಿಗೇ ಮುಳುವಾಯಿತು. ಗರ್ಭಿಣಿಯಾದ ಸೊಸೆಯನ್ನು ಅತ್ತೆ ಕೇತುಮತಿ ನಂಬಲಿಲ್ಲ. ಮಗ ಕೊಟ್ಟುಹೋದ ಗುರುತನ್ನು ತೋರಿಸಿದರೂ ನಂಬದೆ ಹೊರಹಾಕಿದಳು. ತವರೂ ಬಾಗಿಲು ಮುಚ್ಚಿತು. ಹನುಮಂತ ಹುಟ್ಟಿದ್ದು ಗುಹೆಯಲ್ಲಿ. ಇಲ್ಲಿ ಎರಡು ಪಾಠಗಳಿವೆ. ಸಂಶಯಕ್ಕೆ ಪುರಾವೆ ಎಂದೂ ಸಾಲದು ಎಂಬುದು ಮೊದಲನೆಯದು. ಸಂಶಯಪಟ್ಟವನು ಗಂಡಸಾದರೂ ಸಂಶಯದ ಬೆಲೆ ತೆರುವವಳು ಬಹುಮಟ್ಟಿಗೆ ಹೆಣ್ಣೇ ಎಂಬುದು ಎರಡನೆಯದು.

ಸೀತೆಯ ಪ್ರಸಂಗವಂತೂ ಈ ವಿಷಯದಲ್ಲಿ ಕೊನೆಯ ಮಾತು. ಜೈನ ರಾಮಕಥೆಯಲ್ಲಿ ಸೀತೆ ಅಗ್ನಿಕುಂಡವನ್ನು ಪ್ರವೇಶಿಸುವುದು ಲೋಕಾಪವಾದಕ್ಕೆ ಅಂಜಿದ ರಾಮ ಅವಳನ್ನು ಕಾಡಿಗೆ ಕಳಿಸಿ, ಮಕ್ಕಳು ಬೆಳೆದು ನಿಂತ ಮೇಲೆ. ಬೆಂಕಿ ನೀರಾಗುತ್ತದೆ, ಪರೀಕ್ಷೆಯಲ್ಲಿ ಸೀತೆ ಗೆಲ್ಲುತ್ತಾಳೆ. ರಾಮ ಕ್ಷಮೆ ಬೇಡಿ ಅರಮನೆಗೆ ಕರೆಯುತ್ತಾನೆ. ಅವಳು ಅಲ್ಲಿಯೇ ಕೇಶಲೋಚ ಮಾಡಿಕೊಂಡು ದೀಕ್ಷೆಯನ್ನು ಸ್ವೀಕರಿಸುತ್ತಾಳೆ. ಪುರಾವೆ ಕೇಳಿದವನಿಗೆ ಪುರಾವೆ ದೊರೆಯಿತು, ಹೆಂಡತಿ ದೊರೆಯಲಿಲ್ಲ. ಪರೀಕ್ಷೆಯಿಂದ ನಂಬಿಕೆ ಹುಟ್ಟುತ್ತದೆಂದು ತಿಳಿದವರೆಲ್ಲರೂ ಈ ಒಂದು ಸನ್ನಿವೇಶದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಕಾವ್ಯದಿಂದ ಆಚಾರಕ್ಕೆ ಬರೋಣ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಎರಡು ನಮ್ಮ ಕಾಲಕ್ಕೆಂದೇ ಹೇಳಿದಂತಿವೆ. ಒಂದು ರಹೋಭ್ಯಾಖ್ಯಾನ, ಅಂದರೆ ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಬಯಲುಮಾಡುವುದು. ಇನ್ನೊಂದು ಸಾಕಾರಮಂತ್ರಭೇದ, ಅಂದರೆ ಮುಖಭಾವ ಇಂಗಿತಗಳಿಂದ ಪರರ ಮನದ ಗುಟ್ಟನ್ನು ಊಹಿಸಿ ಹೊರಗೆಡಹುವುದು. ಇವು ಸುಳ್ಳಿನ ದೋಷಗಳ ಸಾಲಿನಲ್ಲಿ ಬಂದಿರುವುದು ಅರ್ಥಪೂರ್ಣ. ಬಯಲಿಗಿಟ್ಟ ಸಂಗತಿ ನಿಜವೇ ಆಗಿರಬಹುದು. ಆದರೂ ಅದು ಸತ್ಯವ್ರತಕ್ಕೆ ಕಳಂಕ. ಹೆಂಡತಿಯ ಸಂದೇಶಗಳ ಚಿತ್ರ ತೆಗೆದು ಬಂಧುಗಳ ಗುಂಪಿಗೆ ಹಾಕುವವನೂ, ಗಂಡನ ಮಾತನ್ನು ಗುಟ್ಟಾಗಿ ಮುದ್ರಿಸಿ ಗೆಳತಿಯರಿಗೆ ಕೇಳಿಸುವವಳೂ ‘ನಾವು ನಿಜವನ್ನೇ ಹೇಳಿದೆವು’ ಎಂದು ಸಮರ್ಥಿಸಿಕೊಳ್ಳುತ್ತಾರೆ. ಸಾವಿರದೈನೂರು ವರ್ಷಗಳಿಗೂ ಹಿಂದಿನ ಸೂತ್ರಕಾರ ಆ ಸಮರ್ಥನೆಯನ್ನು ಆಗಲೇ ತಳ್ಳಿಹಾಕಿದ್ದಾನೆ. ಅದೇ ಪಟ್ಟಿಯಲ್ಲಿ ನ್ಯಾಸಾಪಹಾರವೂ ಇದೆ, ಅಂದರೆ ನಂಬಿ ಇಟ್ಟ ಒತ್ತೆಯನ್ನು ಅಪಹರಿಸುವುದು. ಏಕಾಂತದಲ್ಲಿ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಿದ ಮಾತಿಗಿಂತ ದೊಡ್ಡ ಒತ್ತೆ ಯಾವುದಿದೆ?

ನಮ್ಮ ಸೀಮೆಯ ವಾಸ್ತವವನ್ನೂ ಮರೆಯಬಾರದು. ಮರೋಳ, ಹುನಗುಂದ, ಬಾದಾಮಿಯ ಕಡೆಯಿಂದ ದುಡಿಮೆಗೆಂದು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುವ ಕುಟುಂಬಗಳು ಕಡಿಮೆಯಲ್ಲ. ಗಂಡ ಕಟ್ಟಡದ ಕೆಲಸದಲ್ಲಿ, ಹೆಂಡತಿ ಊರಿನಲ್ಲಿ. ನಡುವೆ ಇರುವುದು ಒಂದು ಫೋನು. ಈ ದೂರವೇ ನಂಬಿಕೆಯನ್ನು ಬೇಡುತ್ತದೆ, ಈ ದೂರವೇ ಅದನ್ನು ಕೊರೆಯುತ್ತದೆ. ಕರೆ ಹತ್ತದಿದ್ದರೆ ಅನುಮಾನ, ಸಾಲು ಬಿಡುವಿಲ್ಲದಿದ್ದರೆ ಜಗಳ. ಹೊಲದಲ್ಲಿ ಸಿಗ್ನಲ್ ಸಿಗದಿದ್ದುದಕ್ಕೂ ಹೆಂಡತಿಯೇ ಜವಾಬು ಕೊಡಬೇಕು. ಅವನಿಗೆ ಮಾತ್ರ ಅಂಥ ಜವಾಬುದಾರಿಯಿಲ್ಲ. ಶ್ರಾವಕಾಚಾರ ಹೇಳುವ ಸ್ವದಾರಸಂತೋಷ ಮುಖ್ಯವಾಗಿ ಗಂಡಸಿಗೆ ವಿಧಿಸಿದ ವ್ರತವೆಂಬುದನ್ನು ಎಷ್ಟು ಉಪನ್ಯಾಸಕಾರರು ನೆನಪಿಸುತ್ತಾರೆ?

ಕಾನೂನಿನ ಹಾದಿಯೂ ಗಮನಾರ್ಹ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 497ನೆಯ ಕಲಮನ್ನು ರದ್ದುಪಡಿಸಿತು. ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಅಲ್ಲವೆನ್ನುತ್ತಿದ್ದ ಆ ಕಲಮು ಹೆಂಡತಿಯನ್ನು ಸೊತ್ತೆಂದು ಎಣಿಸಿತ್ತು. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಉಳಿಯಿತು, ಅಪರಾಧವಾಗಿ ಉಳಿಯಲಿಲ್ಲ. 2025ರ ಜುಲೈ 14ರಂದು ಅದೇ ನ್ಯಾಯಾಲಯ ದಂಪತಿಗಳಲ್ಲಿ ಒಬ್ಬರು ಗುಟ್ಟಾಗಿ ಮುದ್ರಿಸಿದ ದೂರವಾಣಿ ಸಂಭಾಷಣೆಯನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದಿತು. ಇದನ್ನು ಕದ್ದು ಕೇಳಲು ಸಿಕ್ಕ ಪರವಾನಗಿಯೆಂದು ಸಂಭ್ರಮಿಸಿದವರಿದ್ದಾರೆ. ಅವರು ತೀರ್ಪಿನ ಇನ್ನೊಂದು ಮಾತನ್ನು ಬಿಟ್ಟುಬಿಟ್ಟರು: ಗಂಡಹೆಂಡಿರು ಒಬ್ಬರ ಮೇಲೊಬ್ಬರು ಗೂಢಚರ್ಯೆ ನಡೆಸುವ ಹಂತ ಬಂದಿದ್ದರೆ ಅದೇ ಆ ಸಂಬಂಧ ಮುರಿದಿರುವುದರ ಲಕ್ಷಣ ಎಂಬುದು. ನ್ಯಾಯಾಲಯ ವಿವರಿಸಿದ್ದು ಶವಪರೀಕ್ಷೆಯ ನಿಯಮವನ್ನು. ನಾವು ಅದನ್ನು ಬದುಕಿರುವವರ ಮೇಲೆ ಪ್ರಯೋಗಿಸುತ್ತಿದ್ದೇವೆ.

‘ಮೋಸ ಹೋದವರಿಗೆ ಈ ಉಪದೇಶ ಸುಲಭವೇ?’ ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದ ಆಕ್ಷೇಪ. ಒಮ್ಮೆ ವಂಚನೆಗೊಳಗಾದ ಮನಸ್ಸು ಎರಡನೆಯ ಬಾರಿ ನಂಬಲು ಹೆದರುವುದು ದೋಷವಲ್ಲ, ಗಾಯದ ಸ್ವಭಾವ. ಬಡಿಯುವವನನ್ನು, ಹಳೆಯ ಮದುವೆಯನ್ನು ಮುಚ್ಚಿಟ್ಟು ಬಂದವನನ್ನು ನಂಬಿಕೊಂಡಿರು ಎಂದು ಹೆಣ್ಣಿಗೆ ಹೇಳುವುದು ಅಹಿಂಸೆಯಲ್ಲ, ಹಿಂಸೆಗೆ ಒತ್ತಾಸೆ. ಅಂಥ ಕಡೆ ಬಿಟ್ಟುಹೋಗುವುದೇ ಧರ್ಮ. ಆದರೆ ಹೆದರಿಕೆ ಬೇರೆ, ಪಹರೆ ಬೇರೆ. ಹೆದರಿದವರು ‘ನನಗೆ ನಂಬಲು ಕಷ್ಟವಾಗುತ್ತಿದೆ, ಕಾರಣ ಇದು’ ಎಂದು ಎದುರಿಗೆ ಹೇಳಬಹುದು. ಪಹರೆ ಕಾಯುವವರು ಹೇಳುವುದಿಲ್ಲ, ಹುಡುಕುತ್ತಾರೆ; ಸಿಗದಿದ್ದರೆ ಇನ್ನೂ ಹುಡುಕುತ್ತಾರೆ. ಹಿಂದಿನವರು ಮಾಡಿದ ತಪ್ಪಿಗೆ ಇಂದಿನವರನ್ನು ಕಡಿಯುವುದು ಹಿಟ್ಟಿನ ಹುಂಜದ ನ್ಯಾಯವೇ. ಹಿಟ್ಟು ನೋಯುವುದಿಲ್ಲವೆಂದು ಯಶೋಧರ ತಿಳಿದಿದ್ದ. ಕಡಿದಾಗ ಅದು ಕೂಗಿತು.

ಎಲ್ಲವನ್ನೂ ಅನುಮಾನಿಸುವುದೇ ಅನೇಕಾಂತವೆಂದು ವಾದಿಸುವ ಜಾಣರಿಗೆ ನಮ್ಮ ಪೂರ್ವಾಚಾರ್ಯರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ: ಸ್ಯಾದ್ವಾದ ಸಂಶಯವಾದವಲ್ಲ. ನಾನು ಕಂಡದ್ದು ಒಂದು ಮುಖ, ಇನ್ನೊಂದು ಮುಖವನ್ನು ಎದುರಿಗಿರುವವರು ಬಲ್ಲರು, ಅವರನ್ನು ಕೇಳಬೇಕು ಎಂಬ ವಿನಯವೇ ಅದರ ಸಾರ. ಪವನಂಜಯ ಕೇಳಲಿಲ್ಲ, 22 ವರ್ಷ ಕಳೆದುಹೋಯಿತು. ಯಶೋಧರ ಆಡಲಿಲ್ಲ, ಜನ್ಮಗಳೇ ಕಳೆದುಹೋದವು. ಮರೋಳದ ನೆರೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಬೇರೆಬೇರೆ ಹಾಸು. ನೇಕಾರ ಅವೆರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾನೆ. ಕೊಂಡಿ ಗಟ್ಟಿಯಿದೆಯೇ ಎಂದು ದಿನವೂ ಎಳೆದು ನೋಡುವವನ ಸೀರೆ ಉಡಲಿಕ್ಕೆ ಬರುವುದಿಲ್ಲ. ಅಮೃತಮತಿಯ ಹೆಸರು ಹೇಳಿ ಸಂಶಯವನ್ನು ಸಮರ್ಥಿಸುವವರು ಜನ್ನನನ್ನು ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಲಿ. ಓದಲು ಬಿಡುವಿಲ್ಲದಿದ್ದರೆ ಅವನ ಹೆಸರನ್ನಾದರೂ ಬಿಟ್ಟುಬಿಡಲಿ.